ಮೊದಲ ಸಿಟ್ಟಿಂಗಿನಿಂದ ಕ್ಯಾಪಿನವರೆಗೆ

ರೂಟ್ ಕೆನಾಲ್ ಚಿಕಿತ್ಸೆಯಲ್ಲಿ ಹಲ್ಲಿನೊಳಗಿನ ಕೆಟ್ಟ ತಿರುಳನ್ನು ತೆಗೆದು, ಬೇರಿನ ನಾಳಗಳನ್ನು ತೊಳೆದು ತುಂಬಿ, ಹಲ್ಲನ್ನು ಬಾಯಲ್ಲೇ ಉಳಿಸಲಾಗುತ್ತದೆ. ಜನರ ಮಾತಿನಲ್ಲಿ ಇದು ‘ನರ ತೆಗೆಯೋದು’. ಹೆಸರು ಸುಳ್ಳಲ್ಲ, ಆದರೆ ಅರ್ಧ. ನರ ಹೋದ ಮೇಲೆ ನೋವು ಹೋಗುತ್ತದೆ. ನೋವು ಹೋದ ಮೇಲೆ ರೋಗಿಯೂ ಹೋಗಿಬಿಡುತ್ತಾನೆ.

ಹುಳುಕು ತಿರುಳಿಗೆ ಇಳಿದಾಗ ಬಿಸಿ ಚಹಾ ತಾಗಿದರೂ ಸಾಕು, ಸೆಳೆತ ಬಹಳ ಹೊತ್ತು ಇರುತ್ತದೆ, ರಾತ್ರಿ ಮಲಗಿದರೆ ಇನ್ನೂ ಹೆಚ್ಚುತ್ತದೆ. ಲವಂಗದೆಣ್ಣೆ, ನೋವಿನ ಗುಳಿಗೆ ತುಸು ಹೊತ್ತಿನ ಆಸರೆ. ಆ್ಯಂಟಿಬಯೋಟಿಕ್ ಕೂಡ ಬೇರಿನೊಳಗಿನ ಸತ್ತ ತಿರುಳನ್ನು ತಲುಪುವುದಿಲ್ಲ. ಅಲ್ಲಿಗೆ ಹೋಗುವ ರಕ್ತದ ದಾರಿಯೇ ಮುಚ್ಚಿರುತ್ತದೆ. ದವಡೆಯ ಕೆಳಗೆ ಬಾವು ಬಂದು ನುಂಗಲು ಕಷ್ಟವಾದರೆ, ಜ್ವರ ಬಂದರೆ, ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಚಿಕಿತ್ಸೆಗೆ ಇರುವ ಭಯ ಅದರ ನೋವಿಗಿಂತ ದೊಡ್ಡದು. ಇಂಜೆಕ್ಷನ್ ಹಿಡಿದರೆ ಅರ್ಧ ತುಟಿ ಎರಡು–ಮೂರು ತಾಸು ಜೋಮು ಹಿಡಿದಿರುತ್ತದೆ. ಅಷ್ಟು ಹೊತ್ತು ಏನೂ ಅಗಿಯದಿರುವುದು ಒಳ್ಳೆಯದು, ತುಟಿ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ. ವೈದ್ಯರು ಕೂದಲೆಳೆಯಂಥ ಫೈಲುಗಳಿಂದ ನಾಳ ಉಜ್ಜಿ, ಬ್ಲೀಚಿಂಗ್ ಪೌಡರಿನ ವಾಸನೆಯ ದ್ರಾವಣದಿಂದ ತೊಳೆದು, ಕೊನೆಗೆ ಗಟ್ಟಾಪರ್ಚಾ ಎಂಬ ರಬ್ಬರಿನಂಥ ವಸ್ತು ತುಂಬುತ್ತಾರೆ. ಕೆಳಗಿನ ದವಡೆ ಹಲ್ಲಿಗೆ ಸಾಮಾನ್ಯವಾಗಿ 3 ನಾಳ. ಮೇಲಿನ ಮೊದಲ ದವಡೆ ಹಲ್ಲಿನಲ್ಲಿ ಹಲವು ಸಲ 4. ಈ ನಾಲ್ಕನೆಯದು ಕಣ್ತಪ್ಪಿದರೆ ಸೋಂಕು ಉಳಿದು ತಿಂಗಳುಗಳ ಮೇಲೆ ತಲೆಯೆತ್ತುತ್ತದೆ. ಹಲ್ಲಿನ ಸುತ್ತ ರಬ್ಬರಿನ ಹಾಳೆ ಕಟ್ಟಿ ಜೊಲ್ಲು ತಡೆಯುವುದು ಒಳ್ಳೆಯ ಕೆಲಸದ ಗುರುತು. ಅದನ್ನು ಕೇಳುವುದು ರೋಗಿಯ ಹಕ್ಕು. ಮುಗಿದ ಮೇಲೆ ಕಚ್ಚಿದರೆ ಎರಡು–ಮೂರು ದಿನ ನೋಯುವುದು ಸಹಜ. ಬಾವು ಸಹಜವಲ್ಲ.

ಈ ಚಿಕಿತ್ಸೆ ಸೋಲುವುದು ಕುರ್ಚಿಯ ಮೇಲಷ್ಟೇ ಅಲ್ಲ, ಸಿಟ್ಟಿಂಗುಗಳ ನಡುವೆಯೂ. ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಿಂದ ಬರುವವರಿಗೆ ಪ್ರತಿ ಸಿಟ್ಟಿಂಗೂ ಒಂದು ದಿನದ ಕೂಲಿ, ಜೊತೆಗೆ ಬಸ್ ಚಾರ್ಜು. ಗಂಗಾವತಿಯ ಭತ್ತದ ಸೀಮೆಯಲ್ಲಿ ನಾಟಿ, ಕೊಯ್ಲು ಬಂದರೆ ಹಲ್ಲಿನ ನೆನಪೇ ಇರುವುದಿಲ್ಲ. ಇತ್ತ ಹಲ್ಲಿನಲ್ಲಿರುವುದು ತಾತ್ಕಾಲಿಕ ಸಿಮೆಂಟು, ಎದುರಿಗಿರುವುದು ಖಡಕ್ ರೊಟ್ಟಿ. ಕಟಕ್ ಎಂದು ಮುರಿದದ್ದು ರೊಟ್ಟಿಯೋ ಹಲ್ಲಿನ ಗೋಡೆಯೋ ಎಂದು ನಾಲಿಗೆ ತಡಕಿ ನೋಡಿದಾಗಲೇ ತಿಳಿಯುವುದು. ಬಿರುಕು ಬೇರಿಗಿಳಿದರೆ ಕೀಳುವುದೊಂದೇ ದಾರಿ. ಆದ್ದರಿಂದ ದವಡೆ ಹಲ್ಲಿಗೆ ಕ್ಯಾಪ್ ಅಲಂಕಾರವಲ್ಲ, ಚಿಕಿತ್ಸೆಯದೇ ಭಾಗ. ದರ ಕೇಳುವಾಗ ಕ್ಯಾಪ್ ಸೇರಿಸಿಯೇ ಕೇಳಬೇಕು. ಒಂದೇ ಸಿಟ್ಟಿಂಗಿನಲ್ಲಿ ಮುಗಿಸಿದರೂ ಫಲಿತಾಂಶ ಹೆಚ್ಚುಕಡಿಮೆ ಅಷ್ಟೇ ಎಂದು ಅಧ್ಯಯನಗಳು ಹೇಳುತ್ತವೆ. ದೂರದಿಂದ ಬರುವವರಿಗೆ, ಕೀವು ಸೋರದಿದ್ದರೆ, ಅದೇ ಹೆಚ್ಚು ಹೊಂದುತ್ತದೆ.

ಈ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ಮಿತಿ ಇದ್ದರೂ ಬೋರ್‌ವೆಲ್ ನೀರು ಕುಡಿದು ಬೆಳೆದವರ ಹಲ್ಲಿನಲ್ಲಿ ಕಂದು ಕಲೆಗಳು ಕಾಣುತ್ತವೆ. ಕಲೆ ಇದ್ದ ಮಾತ್ರಕ್ಕೆ ರೂಟ್ ಕೆನಾಲ್ ಬೇಕಿಲ್ಲ, ರೂಟ್ ಕೆನಾಲಿನಿಂದ ಆ ಕಲೆ ಹೋಗುವುದೂ ಇಲ್ಲ. ಎನಾಮೆಲ್ ತೀರ ಕಿತ್ತುಹೋಗಿದ್ದರೆ ಕ್ಯಾಪಿನ ಅಗತ್ಯ ಇನ್ನಷ್ಟು ಹೆಚ್ಚು.

ಎಲ್ಲ ಹಲ್ಲೂ ಉಳಿಸತಕ್ಕದ್ದಲ್ಲ. ಒಸಡು ಸಡಿಲಾಗಿ ಅಲುಗಾಡುವ ಹಲ್ಲಿಗೆ, ಒಸಡಿನ ಒಳಗೇ ಒಡೆದ ಹಲ್ಲಿಗೆ ದುಡ್ಡು ಸುರಿಯುವುದು ವ್ಯರ್ಥ. ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆಂಬ ಹಳೆಯ ಅಂಜಿಕೆಗೆ ಆಧಾರವಿಲ್ಲ. ರಾಜ್ಯದ ದಂತ ಭಾಗ್ಯ ಯೋಜನೆ ಹಲ್ಲು ಕಳೆದುಕೊಂಡ ಬಿಪಿಎಲ್ ಕುಟುಂಬದವರಿಗೆ ಕಟ್ಟಿಸಿದ ಹಲ್ಲು ಕೊಡುತ್ತದೆ; ಇರುವ ಹಲ್ಲು ಉಳಿಸಿಕೊಳ್ಳುವ ಖರ್ಚು ಅದರ ವ್ಯಾಪ್ತಿಗೆ ಬರುವುದಿಲ್ಲ. ಮೊದಲ ಚಿಕಿತ್ಸೆ ಕೆಟ್ಟಾಗ ಹಳೆಯ ತುಂಬುವಿಕೆ ತೆಗೆದು ಮತ್ತೆ ಮಾಡಬಹುದು. ಅಂಥ ಕ್ಲಿಷ್ಟ ಕೆಲಸಕ್ಕೆ ಬೇರುನಾಳ ತಜ್ಞರು ಬೇಕು. ಬಳ್ಳಾರಿಯ ಸರ್ಕಾರಿ ದಂತ ಕಾಲೇಜು, ರಾಯಚೂರು ಮತ್ತು ಧಾರವಾಡದ ದಂತ ಕಾಲೇಜುಗಳು ಈ ಭಾಗಕ್ಕೆ ಹತ್ತಿರ. ಹೋಗುವಾಗ ಹಳೆಯ ಎಕ್ಸ್‌ರೇ ಒಯ್ಯಬೇಕು.