ಕಾರಣವಿಲ್ಲದ ಕಣ್ಣೀರು

ಪಾಪ್ ಕಲೆಯು ಸರಕಿನ ಸಂಸ್ಕೃತಿಯನ್ನು ಅಣಕಿಸಿತೆಂಬ ಮಾತು ಕಲಾವಿಮರ್ಶೆಯಲ್ಲಿ ಬಹುಕಾಲದಿಂದ ರೂಢವಾಗಿದೆ. ಅಣಕವೆಂಬ ಪದವು ಇಲ್ಲಿ ಸಲ್ಲದೆಂದು ನಾವು ಭಾವಿಸುತ್ತೇವೆ. ಅಣಕಿಸುವವನು ಮೂಲವನ್ನು ವಿಕಾರಗೊಳಿಸುತ್ತಾನೆ. ಅಮೆರಿಕದ ರಾಯ್ ಲಿಕ್ಟನ್‌ಸ್ಟೈನನು ಮಾಡಿದ್ದು ಬೇರೆ. ಅದನ್ನು ಕಾಣಲು ಆತನ ‘ಡ್ರೌನಿಂಗ್ ಗರ್ಲ್’ (೧೯೬೩) ಎಂಬ ಒಂದು ಚಿತ್ರ ಸಾಕು.

ಇದರ ಮೂಲವಿರುವುದು ೧೯೬೨ರಲ್ಲಿ ಡಿ. ಸಿ. ಕಾಮಿಕ್ಸ್‌ನವರು ಪ್ರಕಟಿಸಿದ ‘ಸೀಕ್ರೆಟ್ ಹಾರ್ಟ್ಸ್’ ಎಂಬ ಪ್ರಣಯಚಿತ್ರಕಥೆಗಳ ಪತ್ರಿಕೆಯ ೮೩ನೆಯ ಸಂಚಿಕೆಯಲ್ಲಿ. ಚಿತ್ರ ಬರೆದವನು ಟೋನಿ ಅಬ್ರೂಝೋ. ಅಲ್ಲಿ ಯುವತಿಯೊಬ್ಬಳು ನೀರಿನಲ್ಲಿ ಮುಳುಗುತ್ತಿದ್ದಾಳೆ. ಸ್ನಾಯು ಸೆಟೆದುಕೊಂಡಿದೆ, ಹಿಂದೆ ಮಗುಚಿದ ದೋಣಿಯನ್ನು ಹಿಡಿದು ಪ್ರಿಯನಿದ್ದಾನೆ, ಅವನನ್ನು ಕೂಗುವುದಕ್ಕಿಂತ ಮುಳುಗುವುದೇ ಲೇಸೆಂದು ಅವಳ ಹಟ. ಲಿಕ್ಟನ್‌ಸ್ಟೈನನು ದೋಣಿಯನ್ನು ತೆಗೆದನು, ಪ್ರಿಯನನ್ನು ತೆಗೆದನು, ಸ್ನಾಯುಸೆಳೆತದ ಮಾತನ್ನು ಅಳಿಸಿದನು. ಮಾತಿನಲ್ಲಿ ಉಳಿದ ಪ್ರಿಯನ ಹೆಸರನ್ನೂ ಬದಲಿಸಿದನು. ಮಾಲ್ ಹೋಗಿ ಬ್ರ್ಯಾಡ್ ಬಂದರೂ ಏನೂ ಕೆಡಲಿಲ್ಲವೆಂಬುದೇ ಇಲ್ಲಿ ಸ್ವಾರಸ್ಯ!

ನಮ್ಮ ಅಲಂಕಾರಶಾಸ್ತ್ರದ ಪರಿಭಾಷೆ ಇಲ್ಲಿ ನೆರವಿಗೆ ಬರುತ್ತದೆ. ಚಿತ್ರಕಾರನು ವಿಭಾವವನ್ನು ಕಿತ್ತು ಅನುಭಾವವನ್ನು ಮಾತ್ರ ಉಳಿಸಿದ್ದಾನೆ. ಶೋಕಕ್ಕೆ ಕಾರಣವಿಲ್ಲ, ಕಣ್ಣೀರಿದೆ. ಅದೂ ಸುಮಾರು ೧೭೦ ಸೆಂಟಿಮೀಟರುಗಳಷ್ಟು ಅಗಲ, ಅಷ್ಟೇ ಎತ್ತರದ ಪಟದ ಮೇಲೆ. ಅಗ್ಗದ ಅಚ್ಚಿನಲ್ಲಿ ಬಣ್ಣದ ಛಾಯೆಗಾಗಿ ಬಳಸುತ್ತಿದ್ದ ಬೆನ್‌ಡೇ ಚುಕ್ಕೆಗಳು ಪತ್ರಿಕೆಯ ಪುಟದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ಅವಳ ಮೈಚರ್ಮವೇ ಚುಕ್ಕೆಗಳಾಗಿ ತೋರುತ್ತದೆ. ಮರುಗಲು ಹೊರಟ ಪ್ರೇಕ್ಷಕನು ಮುದ್ರಣಯಂತ್ರದ ಎದುರಿಗೆ ಬಂದು ನಿಲ್ಲುತ್ತಾನೆ. (ಆ ಚುಕ್ಕೆಗಳನ್ನು ಯಂತ್ರವಲ್ಲ, ಕೈಯೇ ಇಟ್ಟಿತೆಂಬುದು ಬೇರೆ ಮಾತು.) ರಸ ನಿಷ್ಪನ್ನವಾಗುವುದಿಲ್ಲ, ಆಗಬಾರದೆಂಬುದೇ ಉದ್ದೇಶ. ಸಾಬೂನಿನಂತೆ ದುಃಖವನ್ನೂ ಒಂದೇ ಅಚ್ಚಿನಲ್ಲಿ ತಯಾರಿಸಿ ಮಾರುವುದಾದರೆ, ಕೊಂಡು ಓದಿ ಅತ್ತವಳ ಅಳು ಯಾರದು? ಪ್ರಶ್ನೆ ಓದುಗಳನ್ನು ಹೀಯಾಳಿಸುವುದಿಲ್ಲ, ತಯಾರಿಕೆಯನ್ನು ಬಯಲಿಗಿಡುತ್ತದೆ.

ಆದರೂ ಈ ಪ್ರಶ್ನೆ ಅರ್ಧಕ್ಕೇ ನಿಂತಿತೆನ್ನಬೇಕಾಗುತ್ತದೆ. ಲಿಕ್ಟನ್‌ಸ್ಟೈನನದೇ ‘ಮಾಸ್ಟರ್‌ಪೀಸ್’ (೧೯೬೨) ೧೬.೫ ಕೋಟಿ ಡಾಲರುಗಳಿಗೆ ಮಾರಾಟವಾಯಿತೆಂಬ ವರದಿ ೨೦೧೭ರಲ್ಲಿ ಬಂದಿತು. ಬೆಲೆಯ ಮಾತು ಹಾಗಿರಲಿ. ಕಲಾವಿದನ ಹೆಸರನ್ನು ಹಾಕದೆ ಆತನ ಕೆಲಸವನ್ನು ಮಾರುವುದು ಅಂದಿನ ಚಿತ್ರಕಥೆಯ ಉದ್ಯಮದಲ್ಲಿ ವಾಡಿಕೆಯಾಗಿತ್ತು. ಸರಕಿನ ಹಿಂದಿನ ಯಂತ್ರವನ್ನು ತೋರಿಸಿದ ಈ ಚಿತ್ರವು ಯಂತ್ರದ ಹಿಂದಿನ ಕೈಯನ್ನು ತೋರಿಸಲಿಲ್ಲ. ಅಲೆಗಳಲ್ಲಿ ಜಪಾನಿನ ಹೊಕುಸಾಯಿಯನ್ನು ಕಾಣಬಹುದೆಂದು ಲಿಕ್ಟನ್‌ಸ್ಟೈನನೇ ಹೇಳಿದ್ದುಂಟು. ಅಬ್ರೂಝೋನ ಹೆಸರಿಗಾಗಿ ಹಳೆಯ ಪತ್ರಿಕೆಗಳನ್ನು ತಡಕಬೇಕಾಯಿತು.