ಜಂಟಿ ಸಾಲವೂ ಒಂಟಿ ಹೆಸರೂ

ಗೃಹಸಾಲವನ್ನು ಬೇಡಿ ಬಂದ ಗಂಡನ ಪಕ್ಕದಲ್ಲಿ ಹೆಂಡತಿಯನ್ನೂ ಕೂರಿಸಿ, ಆಕೆಯನ್ನು ಸಹ ಅರ್ಜಿದಾರಳೆಂದು ಕರೆದು, ಪುಟಪುಟಕ್ಕೂ ರುಜು ಹಾಕಿಸಿಕೊಳ್ಳುವ ನಮ್ಮ ಬ್ಯಾಂಕುಗಳ ಪದ್ಧತಿಯನ್ನು ದಾಂಪತ್ಯದ ಸಮಾನತೆಗೆ ಸಂದ ಗೌರವವೆಂದು ಬಗೆಯುವವರುಂಟು. ಇಬ್ಬರ ವರಮಾನವೂ ಸೇರಿದರೆ ಸಾಲದ ಮೊತ್ತ ಹಿರಿದಾಗುವುದೆಂಬುದೂ, ಕಂತುಗಳು ಕಾಲಕ್ಕೆ ಸರಿಯಾಗಿ ಸಂದರೆ ಇಬ್ಬರ ಹೆಸರಿಗೂ ಒಳ್ಳೆಯದಾಗುವುದೆಂಬುದೂ ಒಪ್ಪತಕ್ಕ ಮಾತೇ. ಆದರೆ ಪದ್ಧತಿಯೊಂದರ ಗುಣದೋಷಗಳು ಕಷ್ಟಕಾಲದಲ್ಲಲ್ಲದೆ ತಿಳಿಯವು.

1872ರ ಕರಾರು ಕಾಯಿದೆಯ 43ನೆಯ ಕಲಮು, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಜಂಟಿಯಾಗಿ ಮಾತು ಕೊಟ್ಟವರ ಪೈಕಿ ಯಾರೊಬ್ಬರಿಂದಲಾದರೂ ಪೂರ್ತಿ ಬಾಕಿಯನ್ನು ವಸೂಲು ಮಾಡುವ ಅಧಿಕಾರವನ್ನು ಸಾಲಿಗನಿಗೆ ಇತ್ತಿದೆ. ಅರ್ಧ ನನ್ನದು, ಅರ್ಧ ಅವರದು ಎಂಬ ಲೆಕ್ಕ ಮನೆಯೊಳಗೆ ನಡೆದೀತು. ಬ್ಯಾಂಕಿನ ಮುಂದೆ ನಡೆಯದು.

ವಿವಾಹದಿಂದ ಇಬ್ಬರ ಸಾಲಚರಿತ್ರೆಗಳು ಒಂದಾಗುವುದಿಲ್ಲ. ಸಿಬಿಲ್ ಮುಂತಾದ ಸಾಲಮಾಹಿತಿ ಸಂಸ್ಥೆಗಳು ಒಬ್ಬೊಬ್ಬರಿಗೂ 300ರಿಂದ 900ರವರೆಗಿನ ಅಂಕವನ್ನು ಬೇರೆಬೇರೆಯಾಗಿಯೇ ಕೊಡುತ್ತವೆ. ಜಂಟಿ ಸಾಲವಾದರೋ ತನ್ನ ಸಂಪೂರ್ಣ ಮೊತ್ತದೊಡನೆ ಎರಡು ವರದಿಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಸಿಬಿಲ್ ವರದಿಯಲ್ಲಿ ಕಳೆದ 36 ತಿಂಗಳುಗಳಿಗೆ ತಿಂಗಳಿಗೊಂದರಂತೆ, ಕಂತು ಎಷ್ಟು ದಿನ ತಡವಾಯಿತೆಂದು ತೋರಿಸುವ ಸಣ್ಣ ಮನೆಗಳಿವೆ. ಗಂಡನ ಖಾತೆಯಲ್ಲಿ ಹಣವಿಲ್ಲದೆ ಕಂತು 30 ದಿನ ಬಾಕಿ ನಿಂತಿತೆಂದರೆ, 000 ಇರಬೇಕಾದಲ್ಲಿ 030 ಎಂಬ ಅಂಕೆ, ಆ ಸಂಗತಿಯನ್ನೇ ಅರಿಯದ ಹೆಂಡತಿಯ ವರದಿಯಲ್ಲಿಯೂ ಮೂಡುತ್ತದೆ. ತಪ್ಪಿದವರಾರೆಂದು ಬರೆಯುವುದಕ್ಕೆ ಅಲ್ಲಿ ಸ್ಥಳವಿಲ್ಲ. ದಂಪತಿಗಳು ವಿಚ್ಛೇದನ ಪಡೆದು, ಮನೆಯೂ ಸಾಲವೂ ಗಂಡನ ಪಾಲಿಗೆಂದು ತಮ್ಮೊಳಗೆ ಒಪ್ಪಿಕೊಂಡರೂ, ಬ್ಯಾಂಕು ತಾನಾಗಿ ಕರಾರಿನಿಂದ ಬಿಡುಗಡೆ ಮಾಡುವವರೆಗೆ ಆಕೆ ಸಾಲಗಾರಳೇ.

ಹೊಣೆಯಲ್ಲಿ ಇಷ್ಟು ನಿಷ್ಠುರವಾದ ಈ ಸಮಾನತೆ ಕೀರ್ತಿಯ ಹಂಚಿಕೆಯಲ್ಲಿ ಹೇಗಿದೆಯೆಂದು ನೋಡಬೇಕಾದರೆ, ಗಂಡನ ಕಾರ್ಡಿಗೆ ಪೂರಕವಾಗಿ ಹೆಂಡತಿಗೆ ಕೊಡುವ ಆಡ್-ಆನ್ ಕ್ರೆಡಿಟ್ ಕಾರ್ಡನ್ನು ಪರಿಶೀಲಿಸಬೇಕು. ದಿನಸಿ, ಔಷಧಿ, ಮಕ್ಕಳ ಶುಲ್ಕಗಳನ್ನೆಲ್ಲ ವರ್ಷಗಟ್ಟಲೆ ಆ ಕಾರ್ಡಿನಿಂದಲೇ ತೂಗಿಸಿ, ಬಿಲ್ಲನ್ನು ತನ್ನ ಸಂಬಳದಿಂದಲೇ ತೀರಿಸಿದ ಹೆಂಡತಿಗೂ ಸಾಮಾನ್ಯವಾಗಿ ಅದರಿಂದ ಚರಿತ್ರೆಯೇ ನಿರ್ಮಾಣವಾಗುವುದಿಲ್ಲ. ಹೊಣೆ ಮೂಲ ಕಾರ್ಡುದಾರನದೆಂಬ ಕಾರಣದಿಂದ ಶ್ರೇಯಸ್ಸೂ ಅವನದೇ. ಅಮೆರಿಕದಲ್ಲಿ 1974ರ ಸಮಾನ ಸಾಲಾವಕಾಶ ಕಾಯಿದೆಯ ನಿಯಮಗಳು, ಪತಿಪತ್ನಿಯರಿಬ್ಬರೂ ಬಳಸುವ ಖಾತೆಯನ್ನು ವರದಿ ಮಾಡುವಾಗ ಇಬ್ಬರ ಪಾಲನ್ನೂ ಕಾಣಿಸತಕ್ಕದ್ದೆಂದು ವಿಧಿಸಿವೆ. ನಮ್ಮ ಪದ್ಧತಿಯಾದರೋ ಬ್ಯಾಂಕಿನ ಭದ್ರತೆಗೆ ಬೇಕಾದಲ್ಲಿ ಹೆಂಡತಿಯನ್ನು ಪೂರ್ಣವ್ಯಕ್ತಿಯೆಂದೂ, ಆಕೆಯ ಪ್ರಯೋಜನಕ್ಕೆ ಬೇಕಾದಲ್ಲಿ ಗಂಡನ ಅನುಬಂಧವೆಂದೂ ಕಾಣುತ್ತದೆ. ಇದನ್ನು ಸಮಾನತೆಯೆನ್ನಲು ನನ್ನ ಮನಸ್ಸು ಒಪ್ಪದು.

ರಿಸರ್ವ್ ಬ್ಯಾಂಕಿನ ಆದೇಶದಂತೆ 2017ರಿಂದ ನಾಲ್ಕು ಸಾಲಮಾಹಿತಿ ಸಂಸ್ಥೆಗಳೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕಾಗಿದೆ. ಜಂಟಿ ಸಾಲಕ್ಕೆ ರುಜು ಹಾಕಿರುವ ಮಹಿಳೆಯರು ತಮ್ಮ ಹೆಸರಿನ ವರದಿಯನ್ನು ತಾವೇ ತರಿಸಿ ಓದಲಿ. ಸಣ್ಣದೊಂದು ಠೇವಣಿಯ ಆಧಾರದ ಮೇಲಾದರೂ ಸರಿಯೆ, ಸ್ವಂತ ಹೆಸರಿನಲ್ಲಿ ಒಂದು ಕಾರ್ಡನ್ನು ಪಡೆಯಲಿ.