ಬಾಗಿಲಿಲ್ಲದ ಮನೆಗಳು

ನಮ್ಮ ಹಾಲ್‌ನಲ್ಲಿ, ಸೋಫಾದ ಮೇಲಿನ ಗೋಡೆಗೆ ಒಂದು ಪ್ರಿಂಟ್ ಇದೆ. ಫ್ರಾನ್ಸಿನ ಜಾರ್ಜ್ ಬ್ರಾಕ್ 1908ರಲ್ಲಿ ಬಿಡಿಸಿದ ‘ಲೆಸ್ತಾಕ್‌ನ ಮನೆಗಳು’. ಆನ್‌ಲೈನ್‌ನಲ್ಲಿ ತರಿಸಿದ್ದು. ಕಪ್ಪು ಫ್ರೇಮು, ಗಾಜು, ಸುತ್ತ ಬಿಳಿ ಅಂಚು. ನಿಜ ಹೇಳಬೇಕಂದ್ರೆ, ಸೋಫಾದ ಬಣ್ಣಕ್ಕೆ ಹೊಂದುತ್ತೆ ಅಂತಲೇ ತಗೊಂಡಿದ್ದು. ಎರಡು ವರ್ಷ ಅದನ್ನು ಯಾರೂ ಸರಿಯಾಗಿ ನೋಡಲಿಲ್ಲ, ನಾನೂ ಸೇರಿ.

ಕಳೆದ ತಿಂಗಳು ಅಪ್ಪ ಊರಿನ ಮನೆಗೆ ಬೀಗ ಹಾಕಿ ನಮ್ಮ ಜೊತೆ ಇರೋಕೆ ಬಂದರು. ಬಂದ ಮಾರನೇ ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಅದರ ಮುಂದೆ ನಿಂತು ಕೇಳಿದ್ರು: “ಇದೇನ್ಲಾ, ಇಷ್ಟೊಂದು ಮನೆ ಅವೆ, ಒಂದಕ್ಕೂ ಬಾಗ್ಲೇ ಇಲ್ವಲ್ಲ?”

ಹತ್ತಿರ ಹೋಗಿ ನೋಡಿದೆ. ಹೌದು. ಬಾಗಿಲಿಲ್ಲ, ಕಿಟಕಿಯಿಲ್ಲ, ಹೆಂಚಿನ ಸಾಲುಗಳಿಲ್ಲ. ಜನ ಇಲ್ಲ. ಆಕಾಶವೂ ಇಲ್ಲ. ಮನೆಗಳು ದೂರ ಹೋಗುವ ಬದಲು ಒಂದರ ಮೇಲೊಂದು ಹತ್ತಿಕೊಂಡು ಮೇಲಕ್ಕೆ ಹೋಗಿವೆ. ಬಿಸಿಲು ಯಾವ ಕಡೆಯಿಂದ ಬೀಳ್ತಿದೆ ಅಂತ ಹುಡುಕಿದರೆ ಒಂದೊಂದು ಗೋಡೆ ಒಂದೊಂದು ಉತ್ತರ ಕೊಡುತ್ತೆ. ಎಡಗಡೆ ಒಂದು ಮರ ವಾಲಿಕೊಂಡಿದೆ. ಉಳಿದದ್ದೆಲ್ಲ ಮಣ್ಣಿನ ಬಣ್ಣ, ಹಸಿರು, ಬೂದು.

ಲೆಸ್ತಾಕ್ ಇರೋದು ಮಾರ್ಸೇ ಪಕ್ಕ, ಸಮುದ್ರದ ದಡದಲ್ಲಿ. ಸುತ್ತ ಹೆಂಚಿನ ಕಾರ್ಖಾನೆಗಳಿದ್ದ ಜಾಗ. ಬ್ರಾಕ್‌ಗಿಂತ ಮೊದಲೇ ಸೆಜಾನ್ ಅಲ್ಲಿ ಕೂತು ಚಿತ್ರ ಮಾಡಿದ್ದ. ಸೆಜಾನ್ 1906ರಲ್ಲಿ ತೀರಿಕೊಂಡ. ಮರುವರ್ಷ ಪ್ಯಾರಿಸ್ಸಿನ ‘ಸಲೋನ್ ದೊತೋನ್’ನಲ್ಲಿ ಅವನ ಚಿತ್ರಗಳ ದೊಡ್ಡ ಪ್ರದರ್ಶನ ಆಯಿತು. 1908ರ ಬೇಸಿಗೆಯಲ್ಲಿ ಬ್ರಾಕ್ ಲೆಸ್ತಾಕ್‌ನಲ್ಲಿ ಮಾಡಿದ ಚಿತ್ರಗಳನ್ನು ಅದೇ ಸಲೋನ್ ತಿರಸ್ಕರಿಸಿತು. ನವೆಂಬರ್‌ನಲ್ಲಿ ಕಾನ್‌ವೈಲರ್ ತನ್ನ ಪುಟ್ಟ ಗ್ಯಾಲರಿಯಲ್ಲಿ ಅವನ್ನು ತೂಗುಹಾಕಿದ. ನೋಡಿದ ವಿಮರ್ಶಕ ಲೂಯಿ ವೊಸೆಲ್, ಈತ ಎಲ್ಲವನ್ನೂ ಘನಗಳಿಗೆ ಇಳಿಸುತ್ತಾನೆ ಅಂತ ಪತ್ರಿಕೆಯಲ್ಲಿ ಬರೆದ. ‘ಕ್ಯೂಬಿಸಂ’ ಅನ್ನೋ ಹೆಸರು ಹುಟ್ಟಿದ್ದು ಇಂಥ ಮಾತುಗಳಿಂದ. ಆಗ ಬ್ರಾಕ್‌ಗೆ 26.

ನನ್ನ ತಕರಾರು ಇರೋದು ಇಲ್ಲೇ. ನಮ್ಮ ಗೋಡೆಯ ಪ್ರಿಂಟ್ ಆ ಹೆಸರನ್ನು ತೋರಿಸುತ್ತೆ, ಚಿತ್ರವನ್ನಲ್ಲ. ಮೂಲ ಸ್ವಿಟ್ಜರ್ಲೆಂಡಿನ ಬರ್ನ್ ಮ್ಯೂಸಿಯಂನಲ್ಲಿದೆ. ಸುಮಾರು 73 ಸೆಂ.ಮೀ. ಎತ್ತರ, 60 ಅಗಲ. ನಾನು ಅದನ್ನು ಕಣ್ಣಾರೆ ನೋಡಿಲ್ಲ. ಆದರೆ ಒಳ್ಳೆಯ ಫೋಟೋ ಝೂಮ್ ಮಾಡಿದರೂ ಸಾಕು, ಅವು ಪೆಟ್ಟಿಗೆಗಳಲ್ಲ ಅಂತ ಗೊತ್ತಾಗುತ್ತೆ. ಬ್ರಷ್ಷಿನ ಚಿಕ್ಕಚಿಕ್ಕ ಎಳೆತಗಳು ಪಕ್ಕಪಕ್ಕ ಕೂತಿವೆ. ಕೆಲವು ಕಡೆ ಗೋಡೆಯ ಅಂಚು ಮುಗಿಯೋದೇ ಇಲ್ಲ, ಒಂದು ಮನೆಯ ಬಣ್ಣ ಪಕ್ಕದ ಮನೆಗೋ ಗಿಡಕ್ಕೋ ಹರಿದುಹೋಗುತ್ತೆ. ಬಾಗಿಲು ಇಲ್ಲದಿದ್ರೂ ಕಣ್ಣಿಗೆ ಓಡಾಡೋಕೆ ದಾರಿ ಇದೆ. ನಮ್ಮ ಅಗ್ಗದ ಪ್ರಿಂಟಿನಲ್ಲಿ ಆ ದಾರಿಗಳೇ ಮುಚ್ಚಿಹೋಗಿವೆ. ಬಣ್ಣ ಕಿತ್ತಳೆಗೆ ತಿರುಗಿ, ಅಂಚುಗಳು ಗಟ್ಟಿಯಾಗಿ, ಸೋಫಾಕ್ಕೆ ಒಪ್ಪುವ ಡಬ್ಬಗಳ ರಾಶಿ ಉಳಿದಿದೆ. ವೊಸೆಲ್‌ನ ಕೊಂಕು ನಮ್ಮ ಹಾಲ್‌ನಲ್ಲಿ ನಿಜವಾಗಿಬಿಟ್ಟಿದೆ.

ಬ್ರಾಕ್‌ನ ಅಪ್ಪ, ಅಜ್ಜ ಇಬ್ಬರೂ ಮನೆಗಳಿಗೆ ಬಣ್ಣ ಹೊಡೆಯೋ ಕಸುಬಿನವರು. ಅವನೂ ಮೊದಲು ಅದನ್ನೇ ಕಲಿತ. ಗೋಡೆ ಅಂದರೇನು ಅಂತ ಕೈಯಿಂದ ತಿಳಿದವನು. ಅಂಥವನು ಬಾಗಿಲು ಮರೆತಿರೋಕೆ ಸಾಧ್ಯ ಇಲ್ಲ, ಬೇಕಂತಲೇ ಬಿಟ್ಟಿದ್ದಾನೆ. ಬಾಗಿಲು ಇಟ್ಟಿದ್ದರೆ ನಾವು ಒಳಗೆ ಯಾರಿದ್ದಾರೆ ಅಂತ ಕಥೆ ಕಟ್ಟಿಕೊಂಡು ಮುಂದೆ ಹೋಗ್ತಿದ್ವಿ. ಈಗ ಗೋಡೆಯನ್ನೇ ನೋಡಬೇಕು, ಅದು ಪಕ್ಕದ ಗೋಡೆಗೆ ಹೇಗೆ ಒರಗಿದೆ ಅಂತ ನೋಡಬೇಕು.

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ಅದ್ ಸರಿ ಕಣ್ಲಾ, ಆದ್ರೆ ಒಳಗೆ ಹೋಗೋದೆಂಗೆ?” ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ. ಚಿತ್ರ ಕೇಳೋದೂ ಅದನ್ನೇ ಇರಬಹುದು. ಬೀಗದ ಕೈ ಜೇಬಲ್ಲಿಟ್ಟುಕೊಂಡು ಬಂದವರಿಗೆ ಅದು ಮೊದಲ ನೋಟಕ್ಕೇ ಕೇಳಿಸಿದೆ, ನನಗೆ ಎರಡು ವರ್ಷ ಬೇಕಾಯಿತು.

ಕೊನೆಗೆ ಮಾಡಿದ್ದು ಇಷ್ಟೇ. ಗಾಜು ತೆಗೆಸಿದೆ, ಟ್ಯೂಬ್‌ಲೈಟ್ ಅದರಲ್ಲೇ ಹೊಳೀತಿತ್ತು. ಸ್ವಲ್ಪ ಖರ್ಚು ಮಾಡಿ, ಮೂಲದ ಅಳತೆಗೆ ಹತ್ತಿರದ, ಬಣ್ಣ ಸರಿಯಿರುವ ಪ್ರಿಂಟ್ ಹಾಕಿಸಿದೆ. ಸೋಫಾದ ಮೇಲಿಂದ ಇಳಿಸಿ, ಊಟದ ಟೇಬಲ್ ಪಕ್ಕದ ಗೋಡೆಗೆ ಹಾಕಿದೆ. ಸೋಫಾದಲ್ಲಿ ಕೂತರೆ ಚಿತ್ರಕ್ಕೆ ನಮ್ಮ ಬೆನ್ನು. ಇಲ್ಲಿ ಎರಡು ಅಡಿ ದೂರ, ದಿನಕ್ಕೆರಡು ಸಲ ಮುಖಾಮುಖಿ.

ಅಪ್ಪನಿಗೆ ಮರ ಒಪ್ಪಿಗೆಯಾಗಿದೆ. ಮನೆಗಳ ಮೇಲಿನ ತಕರಾರು ಹಾಗೇ ಇದೆ.